ಕೊಕ್ಕೆ ಕಂಡೆ, ಮುಖ ಕಾಣಲಿಲ್ಲ

ನಾನು ಆಗ ಆದವಾನಿಯ ಒಂದು ಕೋರ್ಟಿನಲ್ಲಿ ಗುಮಾಸ್ತ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಕಟಕಟೆಯಲ್ಲಿ ನಿಂತವರು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಕಾಗದದ ಮೇಲೆ ಇಳಿಸುವುದು ನನ್ನ ಕೆಲಸ. ಆರು ವರ್ಷ ಅದನ್ನೇ ಮಾಡಿ ನನಗೆ ಸಾಕ್ಷಿ ಹೇಳುವವರ ಮೇಲೆ ಹೇಸಿಗೆ ಹುಟ್ಟಿಬಿಟ್ಟಿತ್ತು. ಬಂದವರೆಲ್ಲ ನಡುಗುವವರೇ. ಕಡಿದದ್ದು ಕಂಡೆ ಎನ್ನುವವನಿಗೆ ಕಡಿದವನ ಅಂಗಿ ಬಿಳಿಯದೋ ಕೆಂಪೋ ಗೊತ್ತಿಲ್ಲ. ಬೆಳಿಗ್ಗೆ ಎಂದವನು ಅಡ್ಡಸವಾಲು ಬಂದರೆ ಮಧ್ಯಾಹ್ನ ಎನ್ನುತ್ತಾನೆ. ಒಬ್ಬ ಮುದುಕಿಯನ್ನು ನಿನ್ನ ಅಳಿಯ ಯಾವ ಕೈಯಲ್ಲಿ ಕೊಡಲಿ ಹಿಡಿದಿದ್ದ ಎಂದು ಕೇಳಿದರೆ, ಆಕೆ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಅಳುತ್ತ ನಿಂತಳು. ನಾನು ಲೇಖನಿ ಕೆಳಗಿಟ್ಟು ಕಿಟಕಿಯಾಚೆ ನೋಡಿದೆ. ಕಣ್ಣಿದ್ದೂ ನೋಡಲು ಬಾರದ ಇಂಥವರ ಮಾತಿಗೆ ಸರ್ಕಾರದ ಮಸಿ ಖರ್ಚಾಗುತ್ತದಲ್ಲ ಎಂದು ಅನ್ನಿಸಿತ್ತು. ಮನೆಗೆ ಬಂದು ಅಕ್ಕನ ಮುಂದೆ ಆ ಮುದುಕಿಯ ಹಾಗೆಯೇ ಕೈ ತಿರುಗಿಸಿ ಅಣಕಿಸಿದ್ದೆ. ಅಕ್ಕ ನಕ್ಕಿರಲಿಲ್ಲ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಗಂಡ ತೀರಿಹೋದ ಮೇಲೆ ನಮ್ಮ ಮನೆಗೇ ಬಂದಿದ್ದಳು. ಅಪ್ಪ ಅಮ್ಮ ಇಲ್ಲದ ಮನೆಯನ್ನು ನಡೆಸುತ್ತಿದ್ದವಳು ಅವಳೇ. ಓದು ಬರಹ ಇಲ್ಲ. ಅವಳಿಗೆ ಎಲ್ಲದಕ್ಕೂ ಅಂಜಿಕೆ. ಪೊಲೀಸರೆಂದರೆ ಅಂಜಿಕೆ, ರೈಲೆಂದರೆ ಅಂಜಿಕೆ, ಹತ್ತಿ ಬಿಡಿಸುವ ಜಿನ್ನಿನ ಸಿಳ್ಳೆ ಕೇಳಿದರೂ ಎದೆ ಮುಟ್ಟಿಕೊಳ್ಳುತ್ತಿದ್ದಳು. ಅವಳನ್ನೂ ನಾನು ಆ ನಡುಗುವವರ ಗುಂಪಿಗೇ ಸೇರಿಸಿದ್ದೆ. ಪ್ರೀತಿಯಿಂದಲೇ ಸೇರಿಸಿದ್ದೆ ಎಂದು ಆಗ ನಂಬಿದ್ದೆ.

ಆ ವರ್ಷ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಫಾಲ್ಗುಣದ ಒಂದು ಭಾನುವಾರ ಊಟ ಮುಗಿದ ಮೇಲೆ ಅಕ್ಕ ಹೇಳಿದಳು: "ತಮ್ಮಾ, ಬಾಣಂತಿ ಬರೋದ್ರೊಳಗ ಒಂದು ಮೆತ್ತನ್ನ ಗಾದಿ ಮಾಡಿಸಬೇಕು. ಅಂಗಡ್ಯಾಗ ಕೊಡೋ ಹತ್ತಿ ಬರೀ ಕಸ ಐತಿ. ಜಿನ್ನಿಗೆ ಹೋಗಿ ನಾನ ಆರಿಸ್ಕೊಂಡು ಬರ್ತೀನಿ. ನೀ ಜೊತಿಗೆ ಬಾ, ಸಾಕು."

ಹತ್ತಿಯ ಕಾಲದಲ್ಲಿ ಆದವಾನಿಯ ಜಿನ್ನುಗಳಿಗೆ ಭಾನುವಾರದ ರಜೆಯೂ ಇಲ್ಲ. ನಾವು ಹೋದ ಜಿನ್ನಿನ ಅಂಗಳದಲ್ಲಿ ಹತ್ತಿ ತುಂಬಿದ ಅಂಡಿಗೆಗಳನ್ನು, ಆ ದೊಡ್ಡ ಗೋಣಿಚೀಲಗಳನ್ನು, ಆಳೆತ್ತರಕ್ಕೆ ಒಟ್ಟಿದ್ದರು. ಹಮಾಲರು ಉಣ್ಣಲು ಹೋಗಿದ್ದರು. ಅವರು ಅಂಡಿಗೆ ಎಳೆಯುವ ಕಬ್ಬಿಣದ ಕೊಕ್ಕೆಗಳು ಅಲ್ಲಲ್ಲಿ ಸಿಕ್ಕಿಸಿದ ಹಾಗೆಯೇ ಇದ್ದವು. ಗೇಟಿನ ಹತ್ತಿರ ಕರಿ ಕಂಬಳಿ ಹೊದ್ದ ಕುರಿಗಾರನೊಬ್ಬ ಹತ್ತಿಕಾಳು ಕೇಳಿಕೊಂಡು ಬಂದು ಕೂತಿದ್ದನಂತೆ. ಈದ ಕುರಿಗಳಿಗೆ ಅದನ್ನು ತಿನ್ನಿಸುತ್ತಾರೆ. 'ಅಂತೆ' ಎಂದು ಬರೆಯುತ್ತಿದ್ದೇನೆ, ಏಕೆಂದರೆ ನಾನು ಅವನನ್ನು ಆಗ ನೋಡಿರಲೇ ಇಲ್ಲ. ಕಂಬಳಿ ಹೊದ್ದವರನ್ನು ನೋಡುವ ರೂಢಿ ನನಗಿರಲಿಲ್ಲ.

ಅಂಗಳದ ನಡುವೆ ಒಬ್ಬ ದಲಾಲಿ ನಿಂತಿದ್ದ. ಊರಿನಲ್ಲಿ ಅವನನ್ನು ಅರಿಯದವರಿಲ್ಲ. ದೊಡ್ಡ ಹೊಟ್ಟೆ, ಹಣೆ ತುಂಬ ವಿಭೂತಿ, ಕಿವಿಯಲ್ಲಿ ಕೆಂಪು ಹರಳಿನ ಒಂಟಿ. ಹತ್ತಿಯನ್ನು ಹಿಂಜಿ ಹಿಂಜಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ನಾನು ನಮಸ್ಕಾರ ಮಾಡಿದೆ. ಅವನು ತಲೆಯನ್ನು ಅರ್ಧದಷ್ಟು ಆಡಿಸಿದ. ಅಕ್ಕ ಒಂದು ಅಂಡಿಗೆಯ ಬಾಯಿ ಬಿಚ್ಚಿ ಹತ್ತಿ ಮುಟ್ಟುತ್ತಿದ್ದಳು.

ಆಮೇಲೆ ಆದದ್ದನ್ನು ಎಷ್ಟು ಹೇಳಬಲ್ಲೆನೋ ಅಷ್ಟನ್ನೇ ಹೇಳುತ್ತೇನೆ. ಯಾರೋ ಕೂಗಿದರು. ತಿರುಗಿ ನೋಡಿದಾಗ ದಲಾಲಿಯ ಹಿಂದೆ ಒಂದು ಕೊಕ್ಕೆ ಮೇಲೆದ್ದಿತ್ತು. ಆ ಕೊಕ್ಕೆಯನ್ನು ನಾನು ಇವತ್ತೂ ಬರೆದು ತೋರಿಸಬಲ್ಲೆ. ಅದರ ಹಿಡಿಗೆ ನೀಲಿ ಬಟ್ಟೆ ಸುತ್ತಿದ್ದರು, ಬೆವರಿಗೆ ಕಪ್ಪಾಗಿತ್ತು. ತುದಿ ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ತುದಿಗೆ ಹತ್ತಿಯ ಒಂದು ಎಳೆ ಅಂಟಿತ್ತು. ಗಾಳಿಗೆ ಅದು ಅಲುಗುತ್ತಿತ್ತು. ಅದು ಒಮ್ಮೆ ಇಳಿಯಿತು, ಮತ್ತೆ ಎದ್ದಿತು. ಎರಡನೆಯ ಸಲ ಎದ್ದಾಗ ಆ ಎಳೆ ಕೆಂಪಗಿತ್ತು. ಕೊಕ್ಕೆಯನ್ನು ಹಿಡಿದ ಕೈ ಇರಲೇಬೇಕು, ಕೈಗೆ ಒಂದು ಮೈ ಇರಲೇಬೇಕು, ಮೈಗೆ ಮುಖ ಇರಲೇಬೇಕು. ನಾನು ಅವುಗಳಲ್ಲಿ ಯಾವುದನ್ನೂ ನೋಡಲಿಲ್ಲ.

ನಾನು ಓಡಿದೆ. ಅಂಡಿಗೆಗಳ ಸಂದಿಗೆ ನುಗ್ಗಿ, ಮೊಣಕಾಲಿಗೆ ಮುಖ ಹಚ್ಚಿ ಕೂತುಬಿಟ್ಟೆ. ಅಕ್ಕ ಏನಾದಳು ಎಂದು ತಿರುಗಿಯೂ ನೋಡಲಿಲ್ಲ. ಕೂಗಾಟ ಕೇಳುತ್ತಿತ್ತು, ಯಾರೋ ಓಡುವ ಸಪ್ಪಳ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಧೋತರ ಬೆಚ್ಚಗಾದದ್ದು ಗೊತ್ತಾಯಿತು. ಇಪ್ಪತ್ತೆಂಟು ವರ್ಷದ ಗಂಡಸು, ಸರ್ಕಾರಿ ಗುಮಾಸ್ತ, ಮೈತುಂಬ ಹತ್ತಿ ಮೆತ್ತಿಕೊಂಡು ಉಚ್ಚೆ ಹೊಯ್ದುಕೊಂಡು ಕೂತಿದ್ದೆ.

ಸದ್ದು ನಿಂತ ಮೇಲೆ ನನ್ನನ್ನು ಹುಡುಕಿಕೊಂಡು ಬಂದವಳು ಅಕ್ಕ. ಅವಳು ಅಂಡಿಗೆಯ ಪಕ್ಕದಲ್ಲೇ ನೆಲಕ್ಕೆ ಬಿದ್ದುಕೊಂಡಿದ್ದಳಂತೆ. ಸೀರೆ ತುಂಬ ಧೂಳು. ಹಲ್ಲು ಕಟಕಟ ಅನ್ನುತ್ತಿದ್ದವು. ನನ್ನ ಧೋತರ ನೋಡಿದಳು. ತಾನು ಹತ್ತಿ ಕಟ್ಟಿಕೊಳ್ಳಲು ತಂದಿದ್ದ ದುಪಟಿಯನ್ನು ನನ್ನ ಸೊಂಟಕ್ಕೆ ಸುತ್ತಿದಳು. "ನಡಿ" ಎಂದಳು.

ಗೇಟಿನ ಹತ್ತಿರ ಜನ ಕುರಿಗಾರನನ್ನು ಕೆಡವಿಕೊಂಡಿದ್ದರು. ಗೋಡೆ ಹಾರಲು ಹೋದವನನ್ನು ಹಿಡಿದರಂತೆ. ಅವನ ಕಂಬಳಿಯ ಮೇಲೆ ರಕ್ತ ಇತ್ತು. ಕಂಬದ ಹತ್ತಿರ ದಲಾಲಿ ಕೂತಿದ್ದ. ಅವನ ಒಂದು ಕಿವಿ ಹರಿದು ಜೋತುಬಿದ್ದಿತ್ತು, ಹೆಗಲಿನ ಮಾಂಸ ಬಾಯಿ ಬಿಟ್ಟಿತ್ತು. ಕುರಿಗಾರನ ಕೈ ಕಟ್ಟಿ ನಮ್ಮ ಮುಂದೆಯೇ ಎಳೆದುಕೊಂಡು ಹೋದರು. ಗಡ್ಡದ ಮುಖ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ತುಟಿ ಒಡೆದು ಬಾತಿತ್ತು. ಆ ಮುಖವನ್ನು ನಾನು ಕಣ್ಣು ತುಂಬ ನೋಡಿದೆ. ಆ ದಿನ ನಾನು ಸರಿಯಾಗಿ ನೋಡಿದ ಮುಖ ಅದೊಂದೇ. ಸಂಜೆಯೊಳಗೆ ಅದು ತಾನಾಗಿ ಹೋಗಿ ಕೊಕ್ಕೆಯ ಹಿಂದೆ ನಿಂತುಕೊಂಡಿತು.

ಸಂಜೆ ಠಾಣೆಗೆ ಕರೆಸಿದರು. ಇನ್ಸ್‌ಪೆಕ್ಟರು ನನಗೆ ಪರಿಚಯದವರೇ, ತೆಲುಗಿನವರು. ಕುರ್ಚಿ ಹಾಕಿಸಿದರು. "ಮೀರೇ ಚೂಶಾರಾ?" ಎಂದರು, ನೀವೇ ಕಣ್ಣಾರೆ ನೋಡಿದಿರಾ ಎಂದು. ನಾನು ಒಗೆದ ಧೋತರ ಉಟ್ಟು, ಕರಿ ಕೋಟು ಹಾಕಿಕೊಂಡು ಹೋಗಿದ್ದೆ.

"ನಾನೇ ನೋಡಿದೆ," ಎಂದೆ.

"ಎಲ್ಲಿ ನಿಂತಿದ್ರಿ?"

ಅಂಡಿಗೆಯ ಸಂದಿಯಲ್ಲಿ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಹತ್ತು ಮಾರು ದೂರದಲ್ಲಿ, ಅಂಗಳದಲ್ಲೇ ನಿಂತಿದ್ದೆ" ಎಂದೆ. ಒಮ್ಮೆ ಅಷ್ಟು ಹೇಳಿದ ಮೇಲೆ ಉಳಿದದ್ದೆಲ್ಲ ಹೇಳಲೇಬೇಕಾಯಿತು. ಅಂಗಳದಲ್ಲೇ ನಿಂತು ನೋಡಿದವನಿಗೆ ಮುಖ ಕಾಣದೆ ಇರುತ್ತದೆಯೇ? ಗಡ್ಡ ಹೇಳಿದೆ, ಹುಬ್ಬಿನ ಗೆರೆ ಹೇಳಿದೆ, ಕಂಬಳಿ ಹೇಳಿದೆ. ಹೇಳುತ್ತ ಹೇಳುತ್ತ ಎಲ್ಲವೂ ಕಣ್ಣ ಮುಂದೆ ನಡೆಯತೊಡಗಿತು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ಕ್ಷಣಕ್ಕೂ ಅನ್ನಿಸಲಿಲ್ಲ. ನಿಂತ ಜಾಗವೊಂದು ಸುಳ್ಳು, ಉಳಿದದ್ದೆಲ್ಲ ನಿಜ ಎಂದೇ ನಂಬಿದ್ದೆ.

ಅಕ್ಕನನ್ನೂ ಕೇಳಿದರು. ಅವಳು ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. "ಮೂರು ಮಂದಿ ಬಂದಿದ್ರು ಅನಸ್ತೈತ್ರಿ. ಅಲ್ಲ, ಇಬ್ಬರೋ ಏನೋ. ಮಾರಿ ನಾ ನೋಡಲಿಲ್ಲ. ನೆಲಕ್ಕ ಬಿದ್ದಿದ್ನಿ. ಕಾಲು ಕಂಡ್ವು. ಕಾಲಾಗ ಕರೇ ಬೂಟಿದ್ವು ಅನಸ್ತೈತ್ರಿ."

"ಈತ ಅಲ್ಲೇನಮ್ಮಾ?" ಎಂದು ಕುರಿಗಾರನನ್ನು ತೋರಿಸಿದರು.

"ಮಾರಿ ನೋಡಿಲ್ಲಂತ ಹೇಳಿದ್ನೆಲ್ಲಪ್ಪಾ. ನೋಡದ್ದು ಹೆಂಗ ಹೇಳ್ಲಿ?"

ಕುರಿಗಾರನ ಕಾಲಲ್ಲಿ ಟೈರಿನ ಮೆಟ್ಟು ಇದ್ದವು. ಇನ್ಸ್‌ಪೆಕ್ಟರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಮೂರು ಜನವಂತೆ, ಬೂಟಂತೆ. ಇಂಥ ಎಷ್ಟೋ ಹೇಳಿಕೆಗಳನ್ನು ಬರೆದು ಕೈ ಸವೆಸಿದವನು ನಾನು. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಬೈದೆ: "ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಇರಬೇಕು. ನನ್ನ ಮಾನ ಕಳೆದೆ." ಅವಳು, "ನಂಗ ಅಂಜಿಕಿ ಆಗಿತ್ತು ತಮ್ಮಾ. ಅಂಜಿಕ್ಯಾಗ ಏನು ಕಂಡ್ನೋ ಏನು ಬಿಟ್ನೋ, ಶಿವನಿಗೇ ಗೊತ್ತು" ಎಂದಳು. ಆ ಮಾತು ಎಷ್ಟು ನೇರವಾದದ್ದು ಎಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ. ಪೊಲೀಸರು ಅವಳನ್ನು ಸಾಕ್ಷಿಯಿಂದ ಕೈಬಿಟ್ಟರು.

ಇನ್ನಿಬ್ಬರು ಸಾಕ್ಷಿಗಳು ಸಿಕ್ಕರು. ಒಬ್ಬ ಜಿನ್ನಿನ ಮೇಸ್ತ್ರಿ. ಇನ್ನೊಬ್ಬ ಅಲ್ಲಿಗೆ ಹತ್ತಿ ತಂದಿದ್ದ ಸಾಹುಕಾರ. ಕೂಗು ಕೇಳುತ್ತಲೇ ಸಾಹುಕಾರ ಆಫೀಸಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದನ್ನು ಊರೆಲ್ಲ ಹೇಳುತ್ತಿತ್ತು. ಆ ಕೋಣೆಗೆ ಅಂಗಳದ ಕಡೆ ಕಿಟಕಿಯೂ ಇರಲಿಲ್ಲ. ಆದರೂ ಅವನು ಎಲ್ಲ ನೋಡಿದ್ದ. ಮೇಸ್ತ್ರಿ ಮೊದಲ ದಿನ, "ಯಾರೋ ಎತ್ತರದವ" ಎಂದಿದ್ದ. ವಾರ ಕಳೆಯುವುದರಲ್ಲಿ, ಗುಮಾಸ್ತರು ಹೇಳಿದ್ದೇ ಸರಿ ಎಂದು ಆ ಎತ್ತರದವನನ್ನು ತನ್ನ ಹೆಗಲಿನ ಎತ್ತರಕ್ಕೆ ಇಳಿಸಿದ್ದ. ಕುರಿಗಾರ ಗಿಡ್ಡ ಮನುಷ್ಯ. ಚಹದ ಅಂಗಡಿಯಲ್ಲಿ ನಾವು ಮೂವರೂ ದಿನಾ ಕೂತು ಅದನ್ನೇ ಮಾತಾಡುತ್ತಿದ್ದೆವು. ಒಬ್ಬನು ಬಿಟ್ಟದ್ದನ್ನು ಇನ್ನೊಬ್ಬ ತುಂಬುತ್ತಿದ್ದ. ಪಕ್ಕದಲ್ಲಿ ಕೂತವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅಂಜುಬುರುಕರಾದ ಮೂವರು ಸೇರಿ ಹದಿನೈದು ದಿನದಲ್ಲಿ ಮೂವರು ಧೈರ್ಯವಂತರಾದೆವು.

ಸಬ್‌ಜೈಲಿನಲ್ಲಿ ಗುರುತು ಹಿಡಿಸುವ ಪರೇಡು ಮಾಡಿದರು. ಎಂಟು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ನಾನು ನೇರವಾಗಿ ಹೋಗಿ ಕುರಿಗಾರನ ಹೆಗಲು ಮುಟ್ಟಿದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಹಿಡಿಯುವುದು ಹೇಗೆ? ಕೈಕಟ್ಟಿ ನನ್ನ ಮುಂದೆ ಎಳೆದುಕೊಂಡು ಹೋದ ಮುಖವೇ ಅದು. ಅವನು ನನ್ನ ಕಣ್ಣು ನೋಡಿ, "ನಾನಲ್ರೀ ಸ್ವಾಮಿ. ನಾ ಆತನ್ನ ಎತ್ತಾಕ ಹೋಗಿದ್ನಿ" ಎಂದ. ಎತ್ತಲು ಹೋದವನಂತೆ! ಆರೋಪಿಗಳೆಲ್ಲ ಹೀಗೇ ಹೇಳುವುದು ಎಂದು ನಾನು ಮುಖ ತಿರುಗಿಸಿದೆ.

ಎರಡು ತಿಂಗಳ ಮೇಲೆ ವಿಚಾರಣೆ ಬಂತು. ನಾನು ದಿನಾ ಕೆಳಗೆ ಕೂರುತ್ತಿದ್ದ ಕೋರ್ಟಿನಲ್ಲೇ ಕಟಕಟೆ ಹತ್ತಿದೆ. ನನ್ನ ಜಾಗದಲ್ಲಿ ಇನ್ನೊಬ್ಬ ಗುಮಾಸ್ತ ಬರೆಯುತ್ತಿದ್ದ. ನನ್ನಷ್ಟು ಸೊಗಸಾಗಿ ಅಲ್ಲಿ ಯಾರೂ ಸಾಕ್ಷಿ ಹೇಳಿರಲಿಲ್ಲ. ಅವನ ಲೇಖನಿ ಎಲ್ಲಿಗೆ ಮುಟ್ಟಿದೆ ಎಂದು ನೋಡಿಕೊಂಡು ವಾಕ್ಯ ಮುಗಿಸಿ ಮುಗಿಸಿ ಹೇಳಿದೆ. ಕೊಕ್ಕೆಯ ನೀಲಿ ಬಟ್ಟೆಯಿಂದ ಹಿಡಿದು ಹುಬ್ಬಿನ ಗೆರೆಯವರೆಗೆ ಯಾವುದನ್ನೂ ಬಿಡಲಿಲ್ಲ. ಕುರಿಗಾರನ ಪರವಾಗಿ ಒಬ್ಬ ಮುದಿ ಪ್ಲೀಡರು ಎದ್ದು ನಿಂತರು. ಹಳೆಯ ಕೋಟು, ನಶ್ಯದ ಕಲೆ. ನಮ್ಮ ಆಫೀಸಿನಲ್ಲಿ ಅವರನ್ನು ಲೆಕ್ಕಕ್ಕೆ ಹಿಡಿಯುವವರಿರಲಿಲ್ಲ. ಅವರು ಕೇಳಿದ್ದು ಮೂರೇ ಮಾತು.

"ಕೊಕ್ಕಿ ಎತ್ತಿದಾಗ ನೀವು ಅದನ್ನ ನೋಡಿದ್ರೋ, ಎತ್ತಿದಾತನ್ನ ನೋಡಿದ್ರೋ?"

"ಎರಡನ್ನೂ ನೋಡಿದೆ."

"ನಿಮಗ ಅಂಜಿಕಿ ಆಗಲಿಲ್ಲೇನ್ರಿ?"

"ಇಲ್ಲ."

"ಒಂಚೂರೂ?"

"ಆರು ವರ್ಷದಿಂದ ಇಂಥ ಎಷ್ಟೋ ಮೊಕದ್ದಮೆ ಬರೆದಿದ್ದೇನೆ. ನನಗೆ ಅಂಜಿಕೆ ಆಗುವುದಿಲ್ಲ" ಎಂದೆ. ಕೋರ್ಟಿನಲ್ಲಿ ನಗು ಎದ್ದಿತು. ಪ್ಲೀಡರು ಅಷ್ಟಕ್ಕೇ ಕೂತರು. ಮ್ಯಾಜಿಸ್ಟ್ರೇಟರು ಮಧ್ಯಾಹ್ನ ಒಳಗೆ ಕರೆದು, ಸಾಕ್ಷಿಗಳೆಲ್ಲ ನಿನ್ನ ಹಾಗಿದ್ದರೆ ಕೋರ್ಟಿನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು ಎಂದರು. ನಾನು ಕೈಮುಗಿದು ಉಬ್ಬಿದೆ. ಆ ಮನುಷ್ಯನಿಗೆ ಬೇಕಿದ್ದದ್ದು ತಡವರಿಸದ ಮಾತು. ಅದು ನಿಜವೋ ಅಲ್ಲವೋ ಎನ್ನುವುದು ತಡವರಿಸುವವರಿಗೆ ಕೇಳುವ ಪ್ರಶ್ನೆ.

ಮರುದಿನ ದಲಾಲಿ ಕಟಕಟೆಗೆ ಬಂದ. ಒಂದು ಕಡೆ ಕಿವಿ ಇಲ್ಲ, ಅದರ ಮೇಲೆ ರುಮಾಲು ಇಳಿಸಿ ಸುತ್ತಿದ್ದ. "ಹಿಂದಿಂದ ಬಂದು ಹೊಡದ ಸ್ವಾಮಿ, ನಾನು ಮಾರಿ ನೋಡಲಿಲ್ಲ. ಆದ್ರ ಸಾಕ್ಷಿ ಹೇಳಿದೋರು ಮರ್ಯಾದಸ್ತರು. ಅವ್ರು ಯಾಕ ಸುಳ್ಳು ಹೇಳ್ತಾರ?" ಎಂದ. ನನ್ನ ಕಡೆ ತಿರುಗಿ ಅವತ್ತು ಪೂರ್ತಿಯಾಗಿ ತಲೆಬಾಗಿದ.

ತೀರ್ಪಿಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೋರ್ಟಿನ ಬಾಗಿಲಲ್ಲಿ ಒಬ್ಬ ಬಂದು ನಿಂತ. ಎತ್ತರದ ಆಳು, ಬಿಳಿಯ ಅಂಗಿ, ನುಣ್ಣಗೆ ಬೋಳಿಸಿದ ಮುಖ, ಬರಿಗಾಲು. ಸಿ. ಬೆಳಗಲ್ ಕಡೆಯ ರೈತ, ದಲಾಲಿಯ ಹೆಂಡತಿಯ ಒಡಹುಟ್ಟಿದ ತಮ್ಮ. ಜವಾನ ತಡೆದರೂ ನಿಲ್ಲದೆ ಒಳಗೆ ಬಂದು ಕೈಮುಗಿದ.

"ಸ್ವಾಮೀ, ಆ ಕುರಿಯಾತನ್ನ ಬಿಡ್ರಿ. ಹೊಡದಾವ ನಾನು."

ಕೋರ್ಟಿನಲ್ಲಿ ಗದ್ದಲವಾಯಿತು. ಮ್ಯಾಜಿಸ್ಟ್ರೇಟರು ಸುಮ್ಮನಿರಿಸಿ ಕೇಳಿದರು. ಅವನು ಅಳಲಿಲ್ಲ, ಅವಸರ ಮಾಡಲಿಲ್ಲ. ದಲಾಲಿ ಇನ್ನೊಬ್ಬಳನ್ನು ತಂದು ಮನೆಯಲ್ಲಿಟ್ಟುಕೊಂಡಿದ್ದ. ಮೊದಲಿನವಳನ್ನು, ಅಂದರೆ ಇವನ ಅಕ್ಕನನ್ನು, ದನದ ಕೊಟ್ಟಿಗೆಗೆ ಹಾಕಿ ಹೊರಗಿನಿಂದ ಕೀಲಿ ಹಾಕಿದ್ದ. ಇವನು ಆ ಭಾನುವಾರ ನೋಡಲು ಹೋಗಿದ್ದ. "ನಮ್ಮಕ್ಕ ಬಾಗಿಲ ಸಂದ್ಯಾಗ ಕೈ ಚಾಚಿ ನೀರು ಕೇಳಿದಳ್ರಿ. ಅಲ್ಲಿಂದ ಸೀದಾ ಜಿನ್ನಿಗೆ ಬಂದ್ನಿ. ಮಾತಾಡಾಕಂತ ಬಂದಿದ್ನಿ. ಈತನ್ನ ನೋಡಿದ ಕೂಡ್ಲೇ ಕೈಗೆ ಕೊಕ್ಕಿ ಸಿಕ್ತು." ಹೊಡೆದ ಮೇಲೆ ಹಿಂದಿನ ಬಾಗಿಲಿನಿಂದ ಹೋಗಿ, ಮೂರು ದಿನ ನಡೆದು, ತುಂಗಭದ್ರೆ ದಾಟಿ ನಿಜಾಮರ ಸೀಮೆ ಸೇರಿದ್ದ. ಮಂತ್ರಾಲಯಕ್ಕೆ ಬಂದು ಹೋದ ಯಾತ್ರಿಕರ ಬಾಯಲ್ಲಿ ಬೇರೆ ಯಾರನ್ನೋ ಹಿಡಿದಿದ್ದಾರೆಂದು ಕೇಳಿ ಹೊಳೆ ದಾಟಿ ತಿರುಗಿ ಬಂದಿದ್ದ.

"ಈತಗ ಗೊತ್ತಿತ್ತು ಸ್ವಾಮಿ," ಎಂದು ಹಿಂದಿನ ಬೆಂಚಿನಲ್ಲಿದ್ದ ದಲಾಲಿಯ ಕಡೆ ಕೈ ತೋರಿಸಿದ. "ಮೊದಲ್ನೇ ಏಟಿಗೆ ತಿರುಗಿ ನನ್ನ ಮಾರಿ ನೋಡ್ಯಾನ. ನನ್ನ ಹೆಸರು ಹಿಡಿದು ಕೂಗ್ಯಾನ. ಕೇಳ್ರಿ."

ದಲಾಲಿ ನೆಲ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು. ತನ್ನನ್ನು ಎತ್ತಿ ಕಂಬಕ್ಕೆ ಒರಗಿಸಿ ಕೂಡಿಸಿದವನು ಆ ಕುರಿಗಾರನೆಂದೂ ಗೊತ್ತಿತ್ತು. ಹಿಡಿಯಿರಿ, ಹೊಡೆಯಿರಿ ಎಂದು ಜನ ನುಗ್ಗಿದಾಗ ಕುರಿಗಾರ ಗಾಬರಿಯಾಗಿ ಗೋಡೆಯ ಕಡೆ ಓಡಿದ್ದ. ಕೊಟ್ಟಿಗೆಯ ಸಂಗತಿ ಕೋರ್ಟಿಗೆ ಬರಬಾರದೆಂದು ದಲಾಲಿ ಎರಡು ತಿಂಗಳು ಬಾಯಿ ಹೊಲಿದುಕೊಂಡಿದ್ದ. ನನಗೆ ಗೊತ್ತಿರುವ ನೀಚರಲ್ಲಿ ಅವನಿಗೆ ಮೇಲಿನ ಸಾಲಿನಲ್ಲಿ ಜಾಗ. ಆದರೆ ಅವನು ಬರೀ ಸುಮ್ಮನಿದ್ದ. ಮಾತಾಡಿದ್ದು ನಾನು.

ಇದೆಲ್ಲ ನಡೆಯುವಾಗ ನಾನು ಆ ಎತ್ತರದವನ ಮುಖವನ್ನೇ ನೋಡುತ್ತಿದ್ದೆ. ಈಗಲಾದರೂ ಗುರುತು ಹತ್ತೀತು ಎಂದು ಕಾದೆ. ಹತ್ತಲಿಲ್ಲ. ಅವನು ನನಗೆ ಎಂದೂ ನೋಡದ ಮನುಷ್ಯ. ಕಣ್ಣು ಮುಚ್ಚಿದರೆ ಕೊಕ್ಕೆ ಎತ್ತಿದ್ದು ಕುರಿಗಾರನೇ, ಅದೇ ಗಡ್ಡ, ಅದೇ ಗೆರೆ. ಗೆರೆಯ ಕೆಳಗೆ ತುಟಿ ಆಗಲೇ ಒಡೆದು ಬಾತಿತ್ತು. ಜನ ಅವನನ್ನು ಹೊಡೆದದ್ದು ಆಮೇಲೆ ಅಲ್ಲವೇ? ಕೊಕ್ಕೆ ಎತ್ತುವಾಗಲೇ ಅವನ ತುಟಿ ಒಡೆದದ್ದು ಹೇಗೆ? ಎರಡು ತಿಂಗಳು ದಿನಕ್ಕೆ ಹತ್ತು ಸಲ ಆ ಚಿತ್ರ ನೋಡಿದ್ದೆ, ಆ ಒಡೆದ ತುಟಿ ನನಗೆ ಒಮ್ಮೆಯೂ ವಿಚಿತ್ರ ಅನ್ನಿಸಿರಲಿಲ್ಲ.

ಮ್ಯಾಜಿಸ್ಟ್ರೇಟರು ಒಳಗೆ ಕರೆದರು. ಈ ಸಲ ಬಾಗಿಲು ಹಾಕಿಸಿದರು. "ನಿಜಂ ಚೆಪ್ಪು," ಎಂದರು, ನಿಜ ಹೇಳು ಎಂದು. "ನೀನು ಯಾರನ್ನು ನೋಡಿದೆ?"

"ಈಗಲೂ ನನಗೆ ಕುರಿಗಾರನೇ ಕಾಣುತ್ತಾನೆ ಸ್ವಾಮಿ," ಎಂದೆ. ನಾನು ಆ ಮೊಕದ್ದಮೆಯಲ್ಲಿ ಹೇಳಿದ ನಿಜವಾದ ಮಾತು ಅದೊಂದೇ. ಅವರು ಅದನ್ನು ಉದ್ಧಟತನ ಎಂದುಕೊಂಡು ಹೊರಗೆ ಹೋಗು ಎಂದರು.

ನನ್ನ ಮೇಲೆ ಸುಳ್ಳುಸಾಕ್ಷಿಯ ಮೊಕದ್ದಮೆ ಆಗಲಿಲ್ಲ. ಮೇಸ್ತ್ರಿಗೂ ಆಗಲಿಲ್ಲ, ಕಿಟಕಿಯಿಲ್ಲದ ಕೋಣೆಯಿಂದ ಎಲ್ಲ ನೋಡಿದ ಸಾಹುಕಾರನಿಗೂ ಆಗಲಿಲ್ಲ. ಮರ್ಯಾದಸ್ತರು ಹೇಳುವುದು ಸುಳ್ಳಾಗುವುದಿಲ್ಲ. 'ಪೊರಪಾಟು' ಆಗುತ್ತದೆ. ತೆಲುಗಿನ ಆ ಮಾತಿಗೆ ಬರೀ ತಪ್ಪು ಎಂದು ಅರ್ಥ, ಕಾಲು ಎಡವಿದಷ್ಟೇ ಹಗುರವಾದ ತಪ್ಪು. ಸಾಹುಕಾರ ಚಹದ ಅಂಗಡಿಯಲ್ಲಿ ನಗುತ್ತ, "ಇಬ್ಬರೂ ಸೇರಿ ಹೊಡದಿರಬೇಕು ಬಿಡ್ರಿ" ಎಂದ. ಪಕ್ಕದಲ್ಲಿದ್ದವರು ಹೌದೆಂದರು. ಕುರಿಗಾರನನ್ನು ಬಿಟ್ಟರು, ಹೊಡೆದವನಿಗೆ ಶಿಕ್ಷೆಯಾಯಿತು. ಅವನ ಅಕ್ಕನನ್ನು ಊರಿನವರು ಬಂದು ಗಾಡಿಯಲ್ಲಿ ಕರೆದುಕೊಂಡು ಹೋದರು.

ಅವನು ಬಂದು ಒಪ್ಪಿಕೊಂಡ ದಿನವೇ ನಾನು ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವನ ಕಾಲಾಗ ಬೂಟಿದ್ವೇನು?"

"ಇವತ್ತು ಬರಿಗಾಲಲ್ಲಿ ಬಂದಿದ್ದ. ಆ ದಿನದ್ದು ಯಾರೂ ಕೇಳಲಿಲ್ಲ."

"ಒಬ್ಬನಂತೇನು? ನಂಗ ಮೂರು ಮಂದಿ ಅನಿಸಿತ್ತು ನೋಡು." ಹಿಟ್ಟಿಗೆ ನೀರು ಚಿಮುಕಿಸಿ ಹೇಳಿದಳು: "ಧೋತರ ನಾ ಒಗದಿದ್ನಿ. ನಾ ಯಾರಿಗೂ ಹೇಳ್ತಿರಲಿಲ್ಲ ತಮ್ಮಾ. ನಂಗ ಅಂಜಿಕಿ ಆಗಿತ್ತು, ಏನೂ ಕಾಣಲಿಲ್ಲ ಅಂತ ನೀನೂ ಅಂದಿದ್ರ ಏನಾಕ್ಕಿತ್ತು? ಮಂದಿ ನಗ್ತಿದ್ರು. ಒಂದೆರಡು ದಿನ ನಕ್ಕು ಬಿಡ್ತಿದ್ರು."

ಒಂದೆರಡು ದಿನದ ನಗೆಗೆ ಹೆದರಿ ಒಬ್ಬ ಮನುಷ್ಯನನ್ನು ಎರಡು ತಿಂಗಳು ಜೈಲಿನಲ್ಲಿ ಇಡಿಸಿದ್ದೆ. ಹೊಡೆದವನು ತಿರುಗಿ ಬರದೇ ಇದ್ದಿದ್ದರೆ ವರ್ಷಗಟ್ಟಲೆ ಇಡಿಸುತ್ತಿದ್ದೆ. ಕೊಕ್ಕೆಯ ಹೆದರಿಕೆ ನನ್ನ ಕಣ್ಣು ಕಟ್ಟಿತು, ಅದಕ್ಕೆ ಯಾರಾದರೂ ಕ್ಷಮೆ ಕೊಟ್ಟಾರು. ಆಮೇಲಿನ ಹೆದರಿಕೆ ಬೇರೆ. ಅಂಜಿದೆ ಎಂದು ಗೊತ್ತಾಗಿಬಿಟ್ಟೀತು ಎಂಬ ಆ ಹೆದರಿಕೆಯೇ ಕಟ್ಟಿದ ಕಣ್ಣಿನ ಒಳಗೆ ಕೂತು ಚಿತ್ರ ಬರೆದದ್ದು.

ಒಂದು ತಿಂಗಳ ಮೇಲೆ, ಒಂದು ರಜೆಯ ದಿನ, ನಾನು ಕುರಿಗಾರನ ಊರಿಗೆ ಹೋದೆ. ಗುಂತಕಲ್ಲಿನವರೆಗೆ ರೈಲು, ಅಲ್ಲಿಂದ ಚಿಪ್ಪಗಿರಿಯ ಕಡೆಗೆ ಗಾಡಿ, ಕೊನೆಗೆ ನಡಿಗೆ. ಒಂದು ಚೀಲದಲ್ಲಿ ಬೆಲ್ಲ, ಕೊಬ್ಬರಿ, ಒಂದು ಹೊಸ ಧೋತರ ಇಟ್ಟುಕೊಂಡಿದ್ದೆ. ಕರಿ ಕೋಟು ಹಾಕಿಕೊಂಡೇ ಹೋಗಿದ್ದೆ. ಕ್ಷಮೆ ಕೇಳಲು ಹೋಗುವಾಗಲೂ ಅದನ್ನು ಬಿಚ್ಚಿಡಬೇಕು ಅನ್ನಿಸದ ಮನುಷ್ಯ ನಾನು.

ಊರ ಹೊರಗೆ ಮುಳ್ಳಿನ ಬೇಲಿ ಕಟ್ಟಿದ ಕುರಿಹಟ್ಟಿ. ಅವನು ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮೈ ಇಳಿದಿತ್ತು. ಅವನ ಹೆಂಡತಿ ಬೇಲಿಯ ಒಳಗಿನಿಂದಲೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದ ಮಾತುಗಳನ್ನು ಹೇಳಿದೆ. ಪೊರಪಾಟು ಎಂಬ ಮಾತು ಬಾಯಿಗೆ ಬಂತು, ನುಂಗಿಕೊಂಡೆ. "ನಾನು ಮುಖ ನೋಡಿರಲಿಲ್ಲ. ಹೆದರಿ ಅಡಗಿ ಕೂತಿದ್ದೆ" ಎಂದೆ. ಅಕ್ಕನ ಹೊರತು ಬೇರೊಬ್ಬರ ಮುಂದೆ ನಾನು ಅದನ್ನು ಹೇಳಿದ್ದು ಅದೇ ಮೊದಲು.

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಮರಿಯ ಕಾಲನ್ನು ಹಿಡಿದೇ ಇದ್ದ.

"ಒಂದು ಮಾತು ಕೇಳ್ಲೇನ್ರಿ ಸ್ವಾಮಿ? ನೀವು ಅಲ್ಲಿ ನಿಂತು ಹೇಳ್ತಿದ್ರೆಲ್ಲ, ಕೊಕ್ಕಿ ಹಿಂಗ ಎತ್ತಿದ, ಹಿಂಗ ಇಳಿಸಿದ ಅಂತ. ಎಷ್ಟು ಚೊಕ್ಕ ಹೇಳ್ತಿದ್ರಿ! ಓದಿದೋರು, ಕಣ್ಣಾರೆ ಕಂಡೋರು. ಜೈಲಿನ್ಯಾಗ ಒಬ್ಬನ ಕುಂತಾಗ ನಂಗೂ ಅನಸ್ತಿತ್ತು, ಖರೇವಂದ್ರ ನಾನ ಹೊಡದಿರಬೇಕು, ಗಾಬರ್ಯಾಗ ಮರ್ತಿರಬೇಕು ಅಂತ. ಈಗೂ ಒಂದೊಂದು ಸಲ ಕೈಯಾಗ ಕೊಕ್ಕಿ ಹಿಡದಂಗ ಆಕ್ಕೈತ್ರಿ. ಹೊಡದಿಲ್ಲಲ್ರೀ ನಾನು?"

"ಇಲ್ಲ," ಎಂದೆ. "ನೀನು ಹೊಡೆದಿಲ್ಲ."

"ಗಟ್ಟಿ ಹೇಳ್ತೀರಿ?"

ಎಷ್ಟು ಗಟ್ಟಿಯಾಗಿ ಹೇಳಲಿ? ಅವನು ಹೊಡೆದದ್ದನ್ನು ಕೋರ್ಟಿನಲ್ಲಿ ಹೇಳಿದಷ್ಟು ಗಟ್ಟಿಯಾಗಿಯೇ? ಅಷ್ಟರಲ್ಲಿ ಅವನ ಹೆಂಡತಿ ಬೇಲಿ ಸರಿಸಿ ಹೊರಗೆ ಬಂದಳು.

"ನಮ್ಮವು ಎರಡು ನೂರು ಕುರಿ ಅದಾವು," ಎಂದಳು. "ಕರಿಯವು, ಎಲ್ಲಾ ಒಂದ ನಮೂನಿ. ಮಂದಿ ಹಿಂಡಿನ್ಯಾಗ ಒಂದು ಕೂಡಿಕೊಂಡ್ರ ಈತ ಮಾರಿ ನೋಡಿ ಹಿಡಕೊಂಡು ಬರ್ತಾನ. ಹುಲಿ ಬೆನ್ನು ಹತ್ತಿದ್ರೂ ತಪ್ಪಾಂಗಿಲ್ಲ. ನೀವು ಮನಷಾನ ಮಾರಿ ನೋಡಿ ಹೇಳಾಕ ಆಗಲಿಲ್ಲ. ಗೊತ್ತಾಗಲಿಲ್ಲ ಅನ್ನಾಕೂ ಆಗಲಿಲ್ಲ. ನಿಮ್ಮಂಥೋರಿಗೆ ಒಂದು ಕುರಿ ಕಾಯಾಕ ಕೊಡಬಾರ್ದು, ಸರ್ಕಾರದೋರು ಕೋರ್ಟ ಕೊಟ್ಟಾರ."

"ಸುಮ್ನಿರ, ಮನಿಗೆ ಬಂದಾರ" ಎಂದ ಅವನು.

"ನಾ ಕರದಿಲ್ಲ," ಎಂದಳು ಅವಳು.

ನಾನು ಚೀಲವನ್ನು ಕೆಳಗೆ ಇಟ್ಟಿದ್ದೆ. ಅವಳು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ಕೈಗೆ ತೂಗುಹಾಕಿದಳು. ಅವಳ ಮುಖದಲ್ಲಿದ್ದದ್ದನ್ನು ನಾನು ಬೇರೆ ಏನೋ ಎಂದು ತಪ್ಪಾಗಿ ತಿಳಿಯುವಂತಿರಲಿಲ್ಲ. ಆರು ವರ್ಷ ನಾನು ಕಂಡವರನ್ನೆಲ್ಲ ತಿರಸ್ಕರಿಸಿದ್ದು ಬರೀ ಹುಡುಗಾಟ. ತಿರಸ್ಕಾರ ಅಂದರೆ ಏನೆಂದು ಆ ಹೆಂಗಸು ನನಗೆ ಆ ಮಧ್ಯಾಹ್ನ ತೋರಿಸಿದಳು, ಅದೂ ದನಿ ಏರಿಸದೆ.

ಕುರಿಗಾರ ಮರಿಯನ್ನು ಕೆಳಗೆ ಬಿಟ್ಟ. ಅದು ಕುಂಟುತ್ತ ಹೋಗಿ ತಾಯಿಯನ್ನು ಸೇರಿಕೊಂಡಿತು. "ಕುರಿಗೆ ನೀರು ಕುಡಿಸೋ ಹೊತ್ತಾತ್ರಿ" ಎಂದು ಕೋಲು ಎತ್ತಿಕೊಂಡು, ಬಾಯಲ್ಲಿ ಸದ್ದು ಮಾಡುತ್ತ ಹಿಂಡನ್ನು ಹಳ್ಳದ ಕಡೆಗೆ ತಿರುಗಿಸಿದ. ನಾನು ಧೂಳು ಇಳಿಯುವವರೆಗೆ ನಿಂತಿದ್ದು ಗುಂತಕಲ್ಲಿನ ದಾರಿ ಹಿಡಿದೆ.